ಬೇಸ್‌ಬಾಲ್ ಕಾರ್ಡಿನ ಗ್ರೂಪ್ ಬ್ರೇಕ್: ಎರಡೂವರೆ ವರ್ಷ ಪಾಲು ಹಾಕಿದ ಮೇಲೆ

ಗುರುವಾರ ರಾತ್ರಿ ಎಂಟರ ಹೊತ್ತಿಗೆ ನಮ್ಮನೆಯಲ್ಲಿ ಊಟ ಮುಗಿದಿರುತ್ತದೆ. ಟೇಬಲ್ ಒರೆಸಿ, ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಇಡುತ್ತೇನೆ. ಮಗಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾಳೆ. ಪರದೆಯಲ್ಲಿ ಕಾಣುವುದು ಎರಡು ಕೈ, ಒಂದು ಕಪ್ಪು ಚಾಪೆ, ಸಾಲಾಗಿ ಜೋಡಿಸಿದ ಟಾಪ್ಸ್ ಕ್ರೋಮ್ ಅನ್ನುವ ಬೇಸ್‌ಬಾಲ್ ಕಾರ್ಡಿನ ಬಾಕ್ಸುಗಳು. ಪ್ಯಾಕ್ ಹರಿಯುವ ಸದ್ದು ಕೇಳಿದ ಕೂಡಲೇ ಇಬ್ಬರೂ ಮಾತು ನಿಲ್ಲಿಸುತ್ತೇವೆ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಓಕ್‌ಲ್ಯಾಂಡ್ ಹತ್ತಿರ, ಹಾಗಾಗಿ ನಮ್ಮದು ಅಲ್ಲಿ ಆಡುತ್ತಿದ್ದ ಬೇಸ್‌ಬಾಲ್ ತಂಡ ಅಥ್ಲೆಟಿಕ್ಸ್. ತಿಂಗಳಿಗೆ 40 ಡಾಲರ್ ಮೇಲೆ ಈ ಹವ್ಯಾಸಕ್ಕೆ ಖರ್ಚು ಮಾಡಬಾರದು ಅಂತ ಮನೆಯಲ್ಲಿ ಮಾತಾಗಿದೆ. 12 ಬಾಕ್ಸಿನ ಇಡೀ ಕೇಸ್ ಕೊಳ್ಳುವ ಮಾತೇ ಇಲ್ಲ. ಗ್ರೂಪ್ ಬ್ರೇಕ್‌ನಲ್ಲಿ ಅಂಗಡಿಯವರು ಕೇಸನ್ನು ಎಲ್ಲರೂ ನೋಡುವಂತೆ ಲೈವ್ ಆಗಿ ಬಿಚ್ಚುತ್ತಾರೆ, ಅದರ ದುಡ್ಡನ್ನು ಲೀಗಿನ 30 ತಂಡಗಳ ಮೇಲೆ ಹಂಚುತ್ತಾರೆ. ಒಂದು ತಂಡಕ್ಕೆ ದುಡ್ಡು ಕಟ್ಟಿದರೆ ಆ ಕೇಸಿನಲ್ಲಿ ಬರುವ ಆ ತಂಡದ ಕಾರ್ಡೆಲ್ಲ ನಿಮ್ಮ ಪಾಲು. ಹೊಸ ಸ್ಟಾರ್ ಆಟಗಾರ ಇರುವ ತಂಡ ದುಬಾರಿ, ಸೋಲುವ ತಂಡ ಅಗ್ಗ. ಅಥ್ಲೆಟಿಕ್ಸ್ 2023ರಲ್ಲಿ 112 ಪಂದ್ಯ ಸೋತಿತ್ತು. ಅದರಿಂದಾಗಿ ನನ್ನ ಬಜೆಟ್ಟಿಗೆ ಸರಿಯಾಗಿ ಸಿಗುತ್ತಿತ್ತು.

ಮೊದಲ ಒಂದು ವರ್ಷ ಇದಕ್ಕಿಂತ ಒಳ್ಳೆ ಸಂಜೆ ಇಲ್ಲ ಅನಿಸಿತ್ತು. ಬೇರೆಯವರ ತಂಡಕ್ಕೆ ಒಳ್ಳೆ ಕಾರ್ಡ್ ಬಂದರೂ ಖುಷಿಯಾಗುತ್ತದೆ, ಅದು ನಾನು ಎಣಿಸಿರದ ಖುಷಿ. ಗುರುತು ಪರಿಚಯ ಇಲ್ಲದ ಯಾರಿಗೋ ಸಹಿ ಇರುವ ಕಾರ್ಡ್ ಸಿಕ್ಕರೆ ಮಗಳು ಚಪ್ಪಾಳೆ ತಟ್ಟುತ್ತಾಳೆ. ರಿಫ್ರ್ಯಾಕ್ಟರ್, ಅಂದರೆ ಬೆಳಕಿಗೆ ಬಣ್ಣ ಹೊಳೆಯುವ ವಿಶೇಷ ಕಾರ್ಡ್, ಬಂದರೆ ಪರದೆಯ ಆ ಕೈಗಳು ಅದನ್ನು ದೀಪದ ಕೆಳಗೆ ನಿಧಾನವಾಗಿ ವಾಲಿಸುತ್ತವೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಾಮನಬಿಲ್ಲಿನ ಬಣ್ಣ ಜಾರಿಕೊಂಡು ಹೋಗುತ್ತದೆ. ಎಷ್ಟು ಸಲ ನೋಡಿದರೂ ಸಾಲದು.

ಆಮೇಲೆ 2024 ಬಂತು. ಸೆಪ್ಟೆಂಬರ್ 26ಕ್ಕೆ ಅಥ್ಲೆಟಿಕ್ಸ್‌ನ ಮೈದಾನ ಓಕ್‌ಲ್ಯಾಂಡ್ ಕಾಲಿಸಿಯಂನಲ್ಲಿ ಕೊನೆಯ ಪಂದ್ಯ. ನಾವಿಬ್ಬರೂ ಹೋಗಿದ್ದೆವು. ಟೆಕ್ಸಸ್ ಮೇಲೆ 3-2ರಲ್ಲಿ ಗೆದ್ದರು. ಆಟ ಮುಗಿದು ಎಷ್ಟೋ ಹೊತ್ತಾದರೂ ಜನ ಸೀಟು ಬಿಟ್ಟು ಏಳಲಿಲ್ಲ. ಮುಂದಿನ ವರ್ಷದಿಂದ ತಂಡ ಸ್ಯಾಕ್ರಮೆಂಟೊದಲ್ಲಿ. ಹಾಗಾಗಿ 2024ರ ಕ್ರೋಮ್ ಸೆಟ್ ನನಗೆ ಬರೀ ಇನ್ನೊಂದು ಸೆಟ್ ಆಗಿರಲಿಲ್ಲ. ಓಕ್‌ಲ್ಯಾಂಡ್‌ನಲ್ಲಿ ಆಡಿದ ಕೊನೆಯ ಹುಡುಗರು ಅವರು. ಒಂದೊಂದು ಕಾರ್ಡೂ ಬೇಕಿತ್ತು.

ಬ್ರೇಕ್ ದಿನ ನಮ್ಮ ತಂಡದ ಲಾರೆನ್ಸ್ ಬಟ್ಲರ್ ಕಾರ್ಡ್ ಬಂತು. ಜ್ಯಾಕ್ ಗೆಲಾಫ್ ಬಂದ, ಮತ್ತೆ ಮತ್ತೆ ಬಂದ. ತಂಡದ ಹಸಿರು ಹಳದಿ ಕಂಡಾಗಲೆಲ್ಲ ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. 31 ಗೆರೆ. ಎರಡು ವಾರ ಕಾದ ಮೇಲೆ ಲಕೋಟೆ ಬಂತು. ಬಬಲ್ ಕವರ್, ಒಳಗೆ ಎರಡು ರಟ್ಟು, ಸುತ್ತ ನೀಲಿ ಟೇಪ್. ಬಿಡಿಸಿ ನೋಡಿದರೆ ಒಂದೇ ಕಾರ್ಡ್, ಒಂದು ರಿಫ್ರ್ಯಾಕ್ಟರ್. ಮಗಳು ಲಕೋಟೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಳು.

ಬ್ರೇಕ್ ನಡೆಸುವವರಿಗೆ ಬರೆದು ಕೇಳಿದೆ. ಈಗ ನಿಯಮ ಬದಲಾಗಿದೆ, ಬರೀ ಹಿಟ್ ಕಳಿಸುತ್ತೇವೆ ಅಂತ ಉತ್ತರ ಬಂತು. ಹಿಟ್ ಅಂದರೆ ಸಹಿ ಇರುವ ಕಾರ್ಡ್, ಕೆಲವೇ ಪ್ರತಿ ಅಚ್ಚು ಹಾಕಿ ನಂಬರ್ ಹಾಕಿದ ಕಾರ್ಡ್, ರಿಫ್ರ್ಯಾಕ್ಟರ್, ಅಷ್ಟೇ. ಬೇಸ್ ಕಾರ್ಡಿನ, ಅಂದರೆ ಉಳಿದ ಸಾಮಾನ್ಯ ಕಾರ್ಡಿನ, ಅಂಚೆ ಖರ್ಚು ಗಿಟ್ಟುವುದಿಲ್ಲವಂತೆ. ಅದು ನಿಜವೇ ಇರಬಹುದು, ಆದರೆ ಮೂರು ಡಾಲರ್ ಜಾಸ್ತಿ ಕೇಳಿದ್ದರೆ ನಾನು ಕೊಡುತ್ತಿದ್ದೆ, ಯಾರೂ ಕೇಳಲೇ ಇಲ್ಲ. ದುಡ್ಡು ಕಟ್ಟುವ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿ ಸುಮ್ಮನಾಗಿದ್ದರು.

ಲೆಕ್ಕ ಹಾಕಿ ನೋಡಿ. ಈ ಸೆಟ್ಟಿನಲ್ಲಿ ಬಾಕ್ಸಿಗೆ ಒಂದು ಸಹಿ. 12 ಬಾಕ್ಸಿಗೆ 12 ಸಹಿ, ತಂಡ 30. ಕಡಿಮೆ ಅಂದರೂ 18 ಜನಕ್ಕೆ ಸಹಿ ಸಿಗುವುದೇ ಇಲ್ಲ. ಅವರಿಗೆ ಬೇಸ್ ಕಾರ್ಡೂ ಕಳಿಸದಿದ್ದರೆ ಅವರು ಕೊಂಡದ್ದಾದರೂ ಏನು? ಚಿಕ್ಕವನಿದ್ದಾಗ ನಾನು ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡ್ ಕೂಡಿಸುತ್ತಿದ್ದೆ. ಬರೀ ಒಂದು ರನ್ ಅಂತ ಅಚ್ಚಾಗಿದ್ದ ಕಾರ್ಡನ್ನೂ ಎಸೆದವನಲ್ಲ.

ಬಿಡಿ ಕಾರ್ಡನ್ನೇ ಕೊಳ್ಳಬಹುದಲ್ವಾ ಅಂತ ನೀವು ಕೇಳಬಹುದು. ಕೊಂಡೆ. ಬೇಸ್ ಕಾರ್ಡ್ ಒಂದು ಡಾಲರಿನೊಳಗೆ ಸಿಗುತ್ತದೆ. ದುಡ್ಡಿನ ಲೆಕ್ಕದಲ್ಲಿ ಬ್ರೇಕ್‌ಗಿಂತ ಅದೇ ವಾಸಿ, ಒಂದೇ ಆಟಗಾರ ಬೇಕಿದ್ದವರು ಖಂಡಿತ ಹಾಗೇ ಮಾಡಿ. ಆದರೆ ಪ್ಯಾಕಿನಿಂದ ಹೊರಬರುವುದನ್ನು ಕಣ್ಣಾರೆ ನೋಡಿ, ಮಗಳು ಗೆರೆ ಎಳೆದ ಆ 31 ಕಾರ್ಡೇ ಬೇರೆ.

ಮೂರು ತಿಂಗಳು ಪಾಲು ಹಾಕಲಿಲ್ಲ. ಗುರುವಾರದ ಸಂಜೆ ಖಾಲಿ ಖಾಲಿ ಅನಿಸಿತು. ಆಮೇಲೆ ಒಂದು ಸಣ್ಣ ಅಂಗಡಿಯವರ ಬ್ರೇಕ್ ಸಿಕ್ಕಿತು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ, ಕೈ ಸ್ವಲ್ಪ ನಿಧಾನ, ಕ್ಯಾಮೆರಾ ಮಂಜು. ಆದರೆ ಎಲ್ಲ ಕಾರ್ಡನ್ನೂ ಕಳಿಸುತ್ತಾರೆ. ಅಂಚೆಗೆ ಐದು ಡಾಲರ್ ಬೇರೆ. ಕ್ರೋಮ್ ಕಾರ್ಡ್ ಬಿಟ್ಟರೆ ಬಿಲ್ಲಿನ ಹಾಗೆ ಬಾಗುತ್ತದೆ, ಅದಕ್ಕೆ ಇವರು ಕಟ್ಟನ್ನು ಎರಡು ಗಟ್ಟಿ ರಟ್ಟಿನ ನಡುವೆ ಬಿಗಿದು ಕಳಿಸುತ್ತಾರೆ. ನಾನು ಒಂದು ಮೂಲೆ ಮುರಿದದ್ದನ್ನೂ ಕಂಡಿಲ್ಲ.

ಈಗಿನ ತೊಂದರೆ ಬೇರೆ. 2025ರ ಜುಲೈ 25ಕ್ಕೆ ಅಥ್ಲೆಟಿಕ್ಸ್‌ನ ನಿಕ್ ಕರ್ಟ್ಸ್ ಹ್ಯೂಸ್ಟನ್‌ನಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದ. ಮೊದಲ ವರ್ಷದ ಆಟಗಾರನೊಬ್ಬ ಹಾಗೆ ಹೊಡೆದದ್ದು ಅದೇ ಮೊದಲು. ನಾವು ಮನೆಯಲ್ಲಿ ಕುಣಿದಾಡಿದೆವು. ಅಥ್ಲೆಟಿಕ್ಸ್ ಪಾಲು ಆವತ್ತಿನಿಂದ ನನ್ನ 40 ಡಾಲರಿಗೆ ಎಟುಕುತ್ತಿಲ್ಲ. ಅದಕ್ಕೆ ರ್‍ಯಾಂಡಮ್ ಬ್ರೇಕ್‌ಗೆ ಹಾಕುತ್ತೇನೆ. ಎರಡು ದಾಳ ಉರುಳಿಸುತ್ತಾರೆ, ಬಿದ್ದ ಸಂಖ್ಯೆಯಷ್ಟು ಸಲ ಹೆಸರಿನ ಪಟ್ಟಿ ಕಲಕುತ್ತಾರೆ, ಕೊನೆಗೆ ನಿಮ್ಮ ಎದುರು ನಿಂತ ತಂಡ ನಿಮ್ಮದು. ಹೋದ ತಿಂಗಳು ಕೊಲೊರಾಡೊ ರಾಕೀಸ್ ಬಂತು, 2025ರಲ್ಲಿ 119 ಪಂದ್ಯ ಸೋತ ತಂಡ. 28 ಕಾರ್ಡ್, ಹಿಟ್ ಒಂದೂ ಇಲ್ಲ. ಮಗಳು ಎಲ್ಲವನ್ನೂ ಒಂಬತ್ತು ಜೇಬಿನ ಹಾಳೆಗೆ ನಂಬರ್ ಪ್ರಕಾರ ತುಂಬಿಸಿದಳು.

ಪಾಲು ಹಾಕುವ ಮುಂಚೆ ಒಂದು ಮಾತು ಕೇಳಿ: ಬೇಸ್ ಕಳಿಸುತ್ತೀರಾ? ಇಲ್ಲ ಅಂದರೆ ನನ್ನಂಥವರಿಗೆ ಆ ಬ್ರೇಕ್ ಬೇಡ. ಅಂದಹಾಗೆ, ಆ ರಾಕೀಸ್ ಕಟ್ಟಿನಲ್ಲಿ ಕೆಲವು ಎರಡೆರಡು ಇವೆ. ಬೇಕಾದವರು ಹೇಳಿ, ಬದಲಿಗೆ 2024ರ ಅಥ್ಲೆಟಿಕ್ಸ್ ಯಾವುದಿದ್ದರೂ ಸರಿ.