ಅಮೆರಿಕದ ತಿರುವು: 1898 ಹಿಡಿಯಬೇಕೋ, 1947 ಹಿಡಿಯಬೇಕೋ?

ಅಮೆರಿಕದ ವಿದೇಶಾಂಗ ನೀತಿ ಜಾಗತಿಕ ಪ್ರಾಬಲ್ಯದ ಕಡೆ ಹೊರಳಿದ್ದು ಯಾವಾಗ? ಪ್ರಬಂಧ ಬರೆಯಲು ಕೂತವರು ಸಾಮಾನ್ಯವಾಗಿ ಈ ಎರಡು ಇಸವಿಗಳ ನಡುವೆ ತಡವರಿಸುತ್ತಾರೆ.

1898ರಲ್ಲಿ ಸಿಗುವುದು ನೆಲ. ಅಮೆರಿಕದೊಂದಿಗಿನ ಯುದ್ಧದಲ್ಲಿ ಸೋತ ಸ್ಪೇನ್ ಪೋರ್ಟೊ ರಿಕೊ, ಗುವಾಮ್ ಬಿಟ್ಟುಕೊಟ್ಟಿತು. ಫಿಲಿಪ್ಪೀನ್ಸ್‌ಗಾಗಿ ಅಮೆರಿಕ 2 ಕೋಟಿ ಡಾಲರ್ ಕೊಟ್ಟಿತು. ಹವಾಯಿಯೂ ಅದೇ ವರ್ಷ ಸೇರಿತು. ನಕಾಶೆ ಇಟ್ಟುಕೊಂಡು ಬರೆಯುವವರಿಗೆ ಸಲೀಸು. ಆದರೆ ವಾದ 1920ಕ್ಕೆ ಬಂದು ಮುಗ್ಗರಿಸುತ್ತದೆ: ಮೊದಲ ಮಹಾಯುದ್ಧ ಮುಗಿಸಿದ ವರ್ಸೇಲ್ಸ್ ಒಪ್ಪಂದವನ್ನು ಸೆನೆಟ್ ತಳ್ಳಿಹಾಕಿತು, ವಿಶ್ವಸಂಸ್ಥೆಗೆ ಮುಂಚಿನ ರಾಷ್ಟ್ರಸಂಘದಿಂದ ಅಮೆರಿಕ ಹೊರಗೇ ಉಳಿಯಿತು. ಬೇರೆಯವರ ಯುದ್ಧಗಳಿಂದ ದೂರವಿರಲು ಮಾಡಿದ 1930ರ ದಶಕದ ತಟಸ್ಥತಾ ಕಾಯ್ದೆಗಳಿಗೂ ಉತ್ತರ ಕೊಡಬೇಕು.

1947 ಇದಕ್ಕಿಂತ ಗಟ್ಟಿ. ಭಾರತ ಬಿಡುವುದಾಗಿ ಬ್ರಿಟನ್ ಪ್ರಧಾನಿ ಆಟ್ಲಿ ಘೋಷಿಸಿದ ಮರುದಿನ, ಫೆಬ್ರವರಿ 21ರಂದು, ಬ್ರಿಟನ್ ವಾಷಿಂಗ್ಟನ್‌ಗೆ ತಿಳಿಸಿತು: ಗ್ರೀಸ್, ಟರ್ಕಿಗೆ ನಮ್ಮ ನೆರವು ಮಾರ್ಚ್ ಕೊನೆಗೆ ನಿಲ್ಲುತ್ತದೆ. ಹತ್ತೊಂಬತ್ತೇ ದಿನದಲ್ಲಿ ಅಮೆರಿಕ ಅಧ್ಯಕ್ಷ ಟ್ರೂಮನ್ ಕಾಂಗ್ರೆಸ್ ಮುಂದೆ ನಿಂತು ಆ ಎರಡು ದೇಶಗಳಿಗಾಗಿ 40 ಕೋಟಿ ಡಾಲರ್ ಕೇಳಿದರು. ಜುಲೈನ ರಾಷ್ಟ್ರೀಯ ಭದ್ರತಾ ಕಾಯ್ದೆಯಿಂದ ಗುಪ್ತಚರ ಸಂಸ್ಥೆ ಸಿಐಎ ಬಂತು. 1949ರಲ್ಲಿ 12 ದೇಶಗಳ ಸೇನಾ ಕೂಟ ನೇಟೊ. ಈ ಏರ್ಪಾಟುಗಳು ಮತ್ತೆ ಕಳಚಲಿಲ್ಲ. 1898ರ ಉತ್ಸಾಹಕ್ಕೆ ಇಲ್ಲದ ಬಲ ಇದೇ.

1947 ಆರಿಸಿದವರು ಟ್ರೂಮನ್ ಭಾಷಣದಿಂದಲೇ ಶುರು ಮಾಡಬೇಡಿ. ಡಾಲರನ್ನು ಜಗತ್ತಿನ ಹಣದ ವ್ಯವಸ್ಥೆಯ ಕೇಂದ್ರಕ್ಕೆ ತಂದ 1944ರ ಬ್ರೆಟನ್ ವುಡ್ಸ್ ಒಪ್ಪಂದ ಬಿಟ್ಟರೆ ಡಾಲರಿನ ಕಥೆಯೇ ತಪ್ಪಿಹೋಗುತ್ತದೆ.