ವೈನ್ ದ್ರಾಕ್ಷಿ ಬೆಳೆಯುವವರೇ, "ಇನ್ನೊಂದು ವಾರ ಬಿಡಿ" ಅಂದರೆ ಬರೆದುಕೊಡಿ ಅನ್ನಿ

ಸಣ್ಣ ತೋಟದಿಂದ ವೈನರಿಗೆ ದ್ರಾಕ್ಷಿ ಹಾಕುವವರು ದಯವಿಟ್ಟು ಕೊನೆತನಕ ಓದಿ. ಇದನ್ನೆಲ್ಲ ನಾಲ್ಕು ಜನರ ಮುಂದೆ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಬರೀತಿದ್ದೀನಿ, ಯಾಕಂದರೆ ಇದೇ ಆಟವನ್ನ ಮುಂದಿನ ಕಟಾವಿಗೆ ಇನ್ನೊಬ್ಬ ಬೆಳೆಗಾರನ ಮೇಲೆ ಆಡ್ತಾರೆ.

ಒಪ್ಪಂದ ಮಾಮೂಲಿನದೇ. ಶಿರಾಜ್ ತಳಿ, 23 ಬ್ರಿಕ್ಸ್ (ಅಂದರೆ ರಸದಲ್ಲಿ ಸಕ್ಕರೆ ಶೇಕಡಾ ಎಷ್ಟು ಅನ್ನೋ ಅಳತೆ) ಮೇಲಿದ್ದರೆ ಪೂರ್ತಿ ದರ, ದುಡ್ಡು ಕಿಲೋ ಲೆಕ್ಕದಲ್ಲಿ, ಕಟಾವಿನ ದಿನ ಖರೀದಿದಾರರು ಹೇಳಿದಂತೆ. ಆ ಕೊನೇ ಷರತ್ತು ಇದೆಯಲ್ಲ, ಅದೇ ಕುತ್ತಿಗೆಗೆ ಬಂದಿದ್ದು.

ತೋಟದ ಸ್ಯಾಂಪಲ್ 23.4 ಬಂದಿತ್ತು, ಪಿಎಚ್ 3.55 (ಹುಳಿಯ ಅಳತೆ ಇದು, ಹಣ್ಣು ಮಾಗಿ ಹುಳಿ ಇಳಿದಷ್ಟೂ ಪಿಎಚ್ ಏರುತ್ತೆ). ಯಾವುದೋ ಒಂದು ಗೊಂಚಲು ಹಿಂಡಿ ನೋಡಿದ ಲೆಕ್ಕ ಅಲ್ಲ ಇದು. ಅಂಚಿನ ಸಾಲು, ಸಾಲಿನ ತುದಿಯ ಗಿಡ ಬಿಟ್ಟು, ಸಾಲಿನ ಎರಡೂ ಬದಿಯಿಂದ, ಬಿಸಿಲಲ್ಲಿರೋ ಗೊಂಚಲು, ಎಲೆ ಮರೆಯ ಗೊಂಚಲು, ಗೊಂಚಲಿನ ಹೆಗಲು (ತೊಟ್ಟಿನ ಹತ್ತಿರದ ಮೇಲ್ಭಾಗ), ನಡು, ತುದಿ, ಹೀಗೆ 100 ಕಾಯಿಯ ಎರಡು ಸ್ಯಾಂಪಲ್ ಬೇರೆ ಬೇರೆ ತೆಗೆದು, ಪೂರ್ತಿ ಜಜ್ಜಿ, ಸೋಸಿ, ರಸ ಕಲಸಿ ನೋಡಿದ ಅಂಕಿ. ಬೀಜ ಕಂದಾಗಿತ್ತು, ಹಲ್ಲಿಗೆ ಕಟುಂ ಅಂತ ಒಡೀತಿತ್ತು. ತೊಟ್ಟಿನಿಂದ ಕಾಯಿ ಸಲೀಸಾಗಿ ಬಿಡ್ತಿತ್ತು. ಕಟಾವಿಗೆ ಬಂದ ಹಣ್ಣು, ಅನುಮಾನವೇ ಇಲ್ಲ.

ಫೋನಲ್ಲಿ ವೈನರಿಯಿಂದ ಬಂದ ಉತ್ತರ: "ಸಾರ್, ಫ್ಲೇವರ್ ಇನ್ನೂ ಕೂತಿಲ್ಲ. ಇನ್ನೊಂದು ವಾರ ಬಿಡಿ, 25 ಬರ್ಲಿ." ವಾರ ಆದಮೇಲೆ ಇನ್ನೊಂದು: "ಇನ್ನು ನಾಲ್ಕು ದಿನ ಸಾರ್, ಟ್ಯಾಂಕ್ ಖಾಲಿ ಆಗ್ತಿದೆ." ಟ್ಯಾಂಕ್! ಫ್ಲೇವರ್ ಕೂರೋಕೆ ಅಲ್ಲ ಕಾಯಿಸಿದ್ದು, ಅವರ ಟ್ಯಾಂಕ್ ಖಾಲಿ ಆಗೋಕೆ ಕಾಯಿಸಿದ್ದು.

ಹೀಗೆ ಕಾಯಿಸೋದರಲ್ಲಿ ಯಾರಿಗೆ ಲಾಭ ಅಂತ ಲೆಕ್ಕ ಹಾಕಿ ನೋಡಿ. ಶಿರಾಜ್ ಹೂ ಬಿಟ್ಟು ಸುಮಾರು 90 ದಿನ ದಾಟಿತು ಅಂದರೆ ಗಿಡದಲ್ಲೇ ಇದ್ದರೂ ಕಾಯಿ ನೀರು ಕಳೆದುಕೊಳ್ಳೋಕೆ ಶುರು ಮಾಡುತ್ತೆ. ಬೇರೆ ಎಷ್ಟೋ ತಳಿಗಿಂತ ಇದರಲ್ಲಿ ಜಾಸ್ತಿ. ಆಮೇಲೆ ಏರೋ ಬ್ರಿಕ್ಸ್ ಬಹುಪಾಲು ಹೊಸ ಸಕ್ಕರೆ ಅಲ್ಲ, ನೀರು ಆರಿದ್ದರಿಂದ ಗಟ್ಟಿಯಾದ ಹಳೇ ಸಕ್ಕರೆ. 23 ಬ್ರಿಕ್ಸಿನ ಸಾವಿರ ಕಿಲೋ ರಸದಲ್ಲಿ 230 ಕಿಲೋ ಸಕ್ಕರೆ ಅಂಶ. ಬರೀ ನೀರು ಆರಿ ಅದೇ ರಸ 25 ಆಯಿತು ಅಂದರೆ ಉಳಿಯೋದು 920 ಕಿಲೋ. ಸಕ್ಕರೆ ಅಷ್ಟೇ ಇದೆ, ವೈನರಿಗೆ ಆಲ್ಕೋಹಾಲ್ ಅಷ್ಟೇ ಸಿಗುತ್ತೆ, ನಮ್ಮ 80 ಕಿಲೋ ಮಾತ್ರ ಗಾಳಿಗೆ ಹೋಯಿತು. ಕಿಲೋ ಲೆಕ್ಕದಲ್ಲಿ ದುಡ್ಡು ತಗೊಳ್ಳೋರು ನಾವು. ಬೇಕಾದರೆ ಅವರು ಟ್ಯಾಂಕಿಗೆ ನೀರು ಸೇರಿಸಿ ಸರಿಮಾಡಿಕೊಳ್ತಾರೆ, ಆ ನೀರಿಗೆ ನಮಗೆ ದುಡ್ಡು ಬರಲ್ಲ.

ಈಗ ಗೇಟಿನ ಹತ್ತಿರ ಆಗಿದ್ದು. ಇದನ್ನ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ನಸುಕಿಗೇ ಕತ್ತರಿಸಿ, ತಂಪಿರುವಾಗಲೇ ಕ್ರೇಟು ತುಂಬಿ ಕಳಿಸಿದ ಲೋಡು. ಮಧ್ಯಾಹ್ನದವರೆಗೂ ಬಿಸಿಲಲ್ಲಿ ಸಾಲಿನಲ್ಲಿ ನಿಲ್ಲಿಸಿದರು. ಅಡಿಯ ಕ್ರೇಟಿಂದ ರಸ ಸೋರೋಕೆ ಶುರುವಾದ ಮೇಲೆ ಒಬ್ಬ ಹುಡುಗ ಬಂದ. ಮೇಲಿನ ಒಂದೇ ಕ್ರೇಟಿಂದ, ಅದರಲ್ಲೂ ಅಂಚಿನ ಗೊಂಚಲಿನ ತುದಿಯಿಂದ ನಾಲ್ಕು ಕಾಯಿ ಕಿತ್ತು, ಬಿಸಿಲಲ್ಲೇ ಇಟ್ಟಿದ್ದ ರಿಫ್ರ್ಯಾಕ್ಟೋಮೀಟರ್ (ಬ್ರಿಕ್ಸ್ ನೋಡೋ ಮೀಟರ್) ಗಾಜಿನ ಮೇಲೆ ಹಿಂಡಿದ. ಮುಂಚೆ ನೀರು ಹಾಕಿ ಸೊನ್ನೆಗೆ ಕೂರಿಸಲೇ ಇಲ್ಲ. 22.1 ಅಂತ ಬರೆದುಕೊಂಡು ಹೋದ. ಹಣ್ಣಾಗೋದರಲ್ಲಿ ಗೊಂಚಲಿನ ತುದಿ ಸಾಮಾನ್ಯವಾಗಿ ಹೆಗಲಿಗಿಂತ ಹಿಂದೆ. ತಾಪಮಾನ ತಾನೇ ಸರಿಮಾಡಿಕೊಳ್ಳದ ಮೀಟರಾದರೆ 20 ಡಿಗ್ರಿಗೆ ಸೊನ್ನೆ ಮಾಡಿದ್ದು 30 ಡಿಗ್ರಿಯಲ್ಲಿ 0.7ರಷ್ಟು ಕಮ್ಮಿ ತೋರಿಸುತ್ತೆ. ಇನ್ನೂ ಒಂದಿದೆ: ಸುಕ್ಕಿದ ಕಾಯಿಯ ಸಕ್ಕರೆ ಮೊದಲ ಹಿಂಡಿಗೆ ಪೂರ್ತಿ ಬರಲ್ಲ. ಸಿಪ್ಪೆ ಸಮೇತ ಟ್ಯಾಂಕಲ್ಲಿ ಒಂದು ದಿನ ನೆನೆದ ಮೇಲೆ ಬಿಡುತ್ತೆ, ಬ್ರಿಕ್ಸ್ ಮೇಲೇರುತ್ತೆ. ಕಾಯಿಸಿ ಕಾಯಿಸಿ ಸುಕ್ಕಿಸಿದ್ದು ಅವರು, ಸುಕ್ಕಿದ್ದರಿಂದ ಕಮ್ಮಿ ಬಂದ ರೀಡಿಂಗಿನ ಲಾಭವೂ ಅವರಿಗೇ.

ಹತ್ತು ನಿಮಿಷಕ್ಕೆ ಲ್ಯಾಬಿಂದ ಇನ್ನೊಂದು ಚೀಟಿ: ಪಿಎಚ್ 3.9, ದರ ಕಡಿತ.

ಒಂದು ಚೀಟಿ ಹೇಳುತ್ತೆ ಹಣ್ಣಾಗಿಲ್ಲ ಅಂತ. ಇನ್ನೊಂದು ಚೀಟಿ ಹೇಳುತ್ತೆ ಹಣ್ಣು ಮೀರಿ ಹೋಗಿದೆ ಅಂತ. ಒಂದೇ ಲೋಡು! ಎರಡಕ್ಕೂ ಕಡಿತ!

ಕೇಳಿದ್ದಕ್ಕೆ ಬಂದ ಉತ್ತರಗಳು ಹೀಗಿವೆ.

"ಅದು ನಿಮ್ಮ ಮಣ್ಣಿನ ದೋಷ ಸಾರ್, ಪೊಟ್ಯಾಷ್ ಜಾಸ್ತಿ ಇರ್ಬೇಕು." ಪೊಟ್ಯಾಷ್ ಜಾಸ್ತಿಯಾದರೆ ಪಿಎಚ್ ಏರುತ್ತೆ, ನಿಜ. ಆದರೆ ಅದೇ ಮಣ್ಣು, ಅದೇ ಗಿಡ, ಕಾಯಿಸೋಕೆ ಮುಂಚೆ 3.55 ಇತ್ತಲ್ಲ? ಗಿಡದಲ್ಲಿ ಬಿಟ್ಟಷ್ಟೂ ಮ್ಯಾಲಿಕ್ ಆಮ್ಲ ಇಳಿಯುತ್ತೆ, ಕಾಯಿಗೆ ಪೊಟ್ಯಾಷಿಯಂ ಸೇರುತ್ತೆ, ಪಿಎಚ್ ಏರುತ್ತೆ. ವೈನ್ ಮಾಡೋರಿಗೆ ಇದು ಗೊತ್ತಿಲ್ಲವಾ?

"ಬಿಡಿ ಅಂದಿದ್ದು ಸಲಹೆ ಅಷ್ಟೇ ಸಾರ್. ಕಟಾವು ನಿಮ್ಮ ತೀರ್ಮಾನ." ಒಪ್ಪಂದದಲ್ಲಿ ಅವರು ಹೇಳಿದ ದಿನವೇ ಕಟಾವು ಅಂತಿದೆ. ಮುಂಚೆ ಕತ್ತರಿಸಿದ್ದರೆ ಲೋಡೇ ಒಳಗೆ ಬಿಡ್ತಿರಲಿಲ್ಲ.

"ನಮ್ಮ ಲ್ಯಾಬ್ ರೀಡಿಂಗೇ ಫೈನಲ್." ಎದುರಿಗೇ ಇನ್ನೊಂದು ಸಲ ನೋಡಿ ಅಂದರೆ, ಅನಲಿಸ್ಟ್ ಊಟಕ್ಕೆ ಹೋಗಿದ್ದಾರೆ.

ಕೊನೆಯದು, ಮುಖ ಕೂಡ ನೋಡದೆ ಹೇಳಿದ್ದು: "ಬೇಡ ಅಂದ್ರೆ ವಾಪಸ್ ತಗೊಂಡು ಹೋಗಿ."

ಎಲ್ಲಿಗೆ ತಗೊಂಡು ಹೋಗೋದು? ವೈನ್ ದ್ರಾಕ್ಷಿ ಸಣ್ಣ ಕಾಯಿ, ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ. ತಿನ್ನೋ ದ್ರಾಕ್ಷಿ ಮಾರುಕಟ್ಟೆಯಲ್ಲಿ ಯಾರೂ ಮೂಸಿ ನೋಡಲ್ಲ. ಕತ್ತರಿಸಿ ರಸ ಸೋರಿದ ಹಣ್ಣು ಬಿಸಿಲಲ್ಲಿ ಕೂತರೆ ಕ್ರೇಟಲ್ಲೇ ಹುಳಿಯೋಕೆ ಶುರು, ನೊಣ ಮುತ್ತುತ್ತೆ, ವಿನೆಗರ್ ವಾಸನೆ ಬರುತ್ತೆ. ಕತ್ತರಿ ಆಡೋತನಕ ಮಾತ್ರ ನಮ್ಮ ಕೈ ಮೇಲೆ. ಕ್ರೇಟು ತುಂಬಿದ ಮೇಲೆ ಎಲ್ಲ ಅವರ ಕೈಯಲ್ಲಿ. ಅದು ಅವರಿಗೂ ಗೊತ್ತು, ಅದಕ್ಕೇ ಗೇಟಲ್ಲಿ ನಿಲ್ಲಿಸೋದು.

ತೂಕದಲ್ಲೂ ಬಿಡಲಿಲ್ಲ. ಸಾಲಲ್ಲಿ ನಿಂತು ರಸ ಸೋರಿದ ಮೇಲೆ ತೂಗಿದರು. ಎಲೆ, ತೊಟ್ಟು, ಕೊಳೆ ಅಂತ ತೂಗಿ ನೋಡದೇ ಕಣ್ಣಂದಾಜಲ್ಲಿ ಶೇಕಡಾ ಕಳೆದರು. ಖಾಲಿ ಕ್ರೇಟಿನ ತೂಕವನ್ನ ಒಂದು ಒದ್ದೆ ಕ್ರೇಟು ಇಟ್ಟು ಎಲ್ಲಕ್ಕೂ ಗುಣಿಸಿಬಿಟ್ಟರು.

ಹಾಗಾಗಿ, ಕಟಾವಿನ ದಿನ ಅವರೇ ನಿರ್ಧರಿಸೋದಾದರೆ, ಒಪ್ಪಿಕೊಂಡ ಬ್ರಿಕ್ಸ್ ಮುಟ್ಟಿದ ಮೇಲೆ ಕಾಯಿಸಿದ ದಿನಗಳ ತೂಕ ನಷ್ಟ ಅವರದ್ದು ಅಂತ ಒಪ್ಪಂದದಲ್ಲಿ ಬರೆಸಿ. ಒಪ್ಪಲ್ಲ ಅಂದರೆ ದರವನ್ನ ಕಿಲೋಗೆ ಬದಲು ಎಕರೆಗೆ ಮಾತಾಡಿ, ಆಗ ಎಷ್ಟು ದಿನ ಬೇಕಾದರೂ ಕಾಯಿಸಲಿ. "ಇನ್ನೊಂದು ವಾರ" ಅಂದಾಗೆಲ್ಲ ಮೆಸೇಜಲ್ಲಿ ಬರೆಸಿಕೊಳ್ಳಿ, ಫೋನ್ ಮಾತಿಗೆ ಬೆಲೆ ಇಲ್ಲ.

ದರ ಕಟ್ಟುವ ರೀಡಿಂಗ್ ಕಟಾವಿನ ಹಿಂದಿನ ದಿನ ತೋಟದಲ್ಲೇ, ಇಬ್ಬರೂ ನಿಂತು ತೆಗೆದ ಸ್ಯಾಂಪಲಿನದ್ದಾಗಿರಲಿ, ಚೀಟಿಗೆ ಇಬ್ಬರ ಸಹಿ ಇರಲಿ. ಬ್ರಿಕ್ಸ್ ಮೀಟರಿಗೆ ಡಿಸ್ಟಿಲ್ಡ್ ವಾಟರ್, ಪಿಎಚ್ ಮೀಟರಿಗೆ 4 ಮತ್ತು 7ರ ಬಫರ್ (ಮೀಟರ್ ಸರಿಯಿದೆಯಾ ಅಂತ ನೋಡೋ, ಪಿಎಚ್ ಗೊತ್ತಿರೋ ದ್ರಾವಣ), ಎರಡನ್ನೂ ಕಣ್ಣೆದುರೇ ಹಾಕಿಸಿ. ಅದೇ ರಸದ ಒಂದು ಬಾಟಲಿ ಫ್ರೀಜರಲ್ಲಿಡಿ. ಪೂರ್ತಿ ಕರಗಿಸಿ ಚೆನ್ನಾಗಿ ಕಲಸಿದರೆ ಬ್ರಿಕ್ಸ್ ಸರಿಯಾಗೇ ಬರುತ್ತೆ. ಆಮ್ಲಕ್ಕೂ ಪಿಎಚ್‌ಗೂ ಅದನ್ನ ನಂಬಬೇಡಿ, ಫ್ರೀಜ್ ಆದಾಗ ಟಾರ್ಟರಿಕ್ ಉಪ್ಪು ಹರಳುಗಟ್ಟಿ ಅಡಿಗೆ ಕೂರುತ್ತೆ. ಲೋಡು ಹೊರಡೋ ಮುಂಚೆ ಹೊರಗಿನ ವೇಬ್ರಿಡ್ಜಲ್ಲಿ ತೂಗಿಸಿ, ಖಾಲಿ ಕ್ರೇಟು ಸಮೇತ ಗಾಡಿ ವಾಪಸ್ ಬಂದಾಗಲೂ ತೂಗಿಸಿ. ಎರಡು ಚೀಟಿ ಕೈಯಲ್ಲಿದ್ದರೆ ಕ್ರೇಟಿನ ಗುಣಾಕಾರ ನಡೆಯಲ್ಲ.

ಬಾಕಿ ದುಡ್ಡು ಇನ್ನೂ ಬಂದಿಲ್ಲ. ಅಕೌಂಟ್ಸಿನವರು ಹೇಳೋದು, "ಕ್ವಾಲಿಟಿ ರಿಪೋರ್ಟ್ ಕ್ಲಿಯರ್ ಆಗ್ಬೇಕು ಸಾರ್." ಹಣ್ಣು ಹಿಂಡಿ, ಹುದುಗಿಸಿ, ಪೀಪಾಯಿಗೆ ತುಂಬಿದ್ದೂ ಆಗಿದೆ. ಪಾವತಿಯ ತಾರೀಖನ್ನ ಒಪ್ಪಂದದಲ್ಲಿ ಅಂಕಿಯಲ್ಲಿ ಬರೆಸಿ, "ಕಟಾವಿನ ನಂತರ" ಅಂತ ಮಾತ್ರ ಇದ್ದರೆ ಸಹಿ ಹಾಕಬೇಡಿ.