ಹೊಸ ಟಯರ್ ಹಾಕಿಸಿ ಮರುದಿನವೇ ಘಟ್ಟ ಹತ್ತಬೇಡಿ

ನಾಲ್ಕು ತಿಂಗಳ ಮಳೆ, ಗುಂಡಿ, ಜಲ್ಲಿಯಲ್ಲಿ ಸವೆದ ಟಯರನ್ನು ದೀಪಾವಳಿ ಕಳೆದ ಮೇಲೆ ತೆಗೆಸಿ, ಹೊಸದು ಹಾಕಿಸಿಕೊಂಡು ವರ್ಷದ ಕೊನೆಯ ರಜೆಗೆ ಚಿಕ್ಕಮಗಳೂರು, ಕೊಡಗು ಎಂದು ಹೊರಡುವುದು ಮಂಗಳೂರು–ಉಡುಪಿ ಕಡೆಯ ಬೈಕಿನವರ ರೂಢಿ. ಇದರಿಂದ ಏನಾಗುತ್ತದೆ ಎಂದರೆ, ಟಯರ್ ತೀರಾ ಹೊಸದಾಗಿರುವ ದಿನಗಳೂ ಘಟ್ಟದ ರಸ್ತೆ ಬೆಳಿಗ್ಗೆ ತಣ್ಣಗೆ, ಒದ್ದೆಯಾಗಿರುವ ದಿನಗಳೂ ಒಟ್ಟಿಗೇ ಬರುತ್ತವೆ. ಈ ಚಳಿಗಾಲದಲ್ಲಿ ಚಾರ್ಮಾಡಿಯಲ್ಲಿ ಒಂದು ಬೈಕ್ ಬಿದ್ದದ್ದು ಹೀಗೆಯೇ. ಅದರ ವಿವರ ಇಲ್ಲಿ ಬರೆಯುತ್ತಿರುವುದು ಇನ್ನೊಬ್ಬರು ಅದೇ ತಿರುವಿನಲ್ಲಿ ಅದೇ ರೀತಿ ಬೀಳಬಾರದು ಎಂದು.

ಶನಿವಾರ ಸಂಜೆ ಮಂಗಳೂರಿನಲ್ಲಿ ಎರಡೂ ಟಯರ್ ಹೊಸದು ಹಾಕಿಸಿದ್ದು. ಆದಿತ್ಯವಾರ ಬೆಳಕು ಹರಿಯುವ ಮೊದಲೇ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೊರಟದ್ದು. ಬಿ.ಸಿ.ರೋಡು, ಬೆಳ್ತಂಗಡಿ, ಉಜಿರೆ ದಾಟುವವರೆಗೆ ಏನೂ ತೊಂದರೆ ಕಾಣಲಿಲ್ಲ. ಘಟ್ಟದ ಬುಡ ಸೇರುವಾಗ ಮೀಟರಿನಲ್ಲಿ 70 ಕಿ.ಮೀ. ಮೇಲಾಗಿತ್ತು, ಬೈಕ್ ನೆಟ್ಟಗೆ ಓಡುತ್ತಿತ್ತು, ಬ್ರೇಕ್ ಹಿಡಿದರೆ ಸರಿಯಾಗಿ ನಿಲ್ಲುತ್ತಿತ್ತು. ಮೇಲೆ ಹತ್ತುತ್ತ ಒಂದು ಎಡ ಹೇರ್‌ಪಿನ್ ತಿರುವಿನಲ್ಲಿ, ಬೈಕ್ ವಾಲಿಸಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟ ಕೂಡಲೇ ಹಿಂದಿನ ಚಕ್ರ ಹೊರಕ್ಕೆ ಜಾರಿತು. ಎಡಕ್ಕೆ ಬಿದ್ದ ಬೈಕ್ ಬಲಕ್ಕೆ, ಎದುರಿನ ವಾಹನ ಬರುವ ಬದಿಗೆ ಜಾರಿಕೊಂಡು ಹೋಯಿತು. ಮೇಲಿನಿಂದ ಇಳಿಯುತ್ತಿದ್ದ ಬಸ್ಸಿನ ಚಾಲಕ ನಿಧಾನವಾಗಿ ಬರುತ್ತಿದ್ದುದರಿಂದ ಇಬ್ಬರೂ ಉಳಿದರು. ಓಡಿಸುತ್ತಿದ್ದವರ ಕಾಲರ್ ಬೋನ್ ಮುರಿಯಿತು, ಹಿಂದಿದ್ದವರ ಮೊಣಕಾಲಿನ ಚರ್ಮ ಕಿತ್ತುಹೋಯಿತು. ವೇಗ ಮೂವತ್ತೂ ಇರಲಿಲ್ಲ.

ಬಿದ್ದ ಬೈಕಿನ ಹಿಂದಿನ ಟಯರ್ ನೋಡಿದರೆ ಕಾರಣ ಅಲ್ಲೇ ಇತ್ತು. ನಡುವೆ ಮೂರು ಬೆರಳಗಲ ಬೂದು ಬಣ್ಣದ ಪಟ್ಟಿ, ರಸ್ತೆಗೆ ಉಜ್ಜಿ ಹೊಳಪು ಹೋದ ಜಾಗ. ಅದರ ಎರಡೂ ಕಡೆ ಅಂಚಿನವರೆಗೆ ಅಂಗಡಿಯಲ್ಲಿದ್ದಾಗಿನ ಅದೇ ಕರಿ ಹೊಳಪು. ಅಂದರೆ ಅಷ್ಟು ದೂರ ಓಡಿ ಹದವಾದದ್ದು ನಡುವಿನ ರಬ್ಬರ್ ಮಾತ್ರ. ಹೇರ್‌ಪಿನ್‌ನಲ್ಲಿ ಬೈಕ್ ವಾಲಿದಾಗ ಇಬ್ಬರ ಭಾರ ಬಂದು ಕೂತದ್ದು ಒಮ್ಮೆಯೂ ರಸ್ತೆ ಮುಟ್ಟದ ರಬ್ಬರಿನ ಮೇಲೆ.

'100 ಕಿ.ಮೀ. ನಿಧಾನ ಹೋಗಿ, ಸಾಕು' ಎಂದು ಟಯರ್ ಅಂಗಡಿಗಳಲ್ಲಿ ಹೇಳುವುದುಂಟು. ಟಯರ್ ಕಂಪೆನಿಗಳೂ ಸಾಮಾನ್ಯವಾಗಿ 100ರಿಂದ 160 ಕಿ.ಮೀ. ಎಂದೇ ಹೇಳುತ್ತವೆ. ಆ ಲೆಕ್ಕ ತಪ್ಪಲ್ಲ, ಆದರೆ ಅದು ತಿರುವುಗಳಿರುವ ರಸ್ತೆಯ ಲೆಕ್ಕ. ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಕುಂದಾಪುರಕ್ಕೆ ಹೋಗಿ ಬಂದರೆ 180 ಕಿ.ಮೀ. ಸುತ್ತಮುತ್ತ ಆಗುತ್ತದೆ, ಟಯರಿನ ಅಂಚು ಮಾತ್ರ ಹಾಗೇ ಹೊಳೆಯುತ್ತಿರುತ್ತದೆ. ಮೀಟರನ್ನು ನಂಬಬೇಡಿ, ಬೈಕ್ ನಿಲ್ಲಿಸಿ ಕೆಳಗೆ ಕೂತು ಟಯರಿನ ಅಂಚನ್ನು ನೋಡಿ.

ಹೊಸ ಟಯರ್ ಯಾಕೆ ಜಾರುತ್ತದೆ ಎಂಬುದಕ್ಕೆ ಒಂದೇ ಕಾರಣ ಇಲ್ಲ. ಅಚ್ಚಿನಿಂದ ಬರುವಾಗ ಅದರ ಮೈ ನುಣುಪಾಗಿರುತ್ತದೆ, ಡಾಂಬರಿನ ಸಣ್ಣ ಸಣ್ಣ ಏರುತಗ್ಗುಗಳನ್ನು ಹಿಡಿಯುವ ಒರಟುತನ ಇನ್ನೂ ಬಂದಿರುವುದಿಲ್ಲ. ಬಿಸಿಲು, ಗಾಳಿಗೆ ರಬ್ಬರ್ ಬಿರಿಯದಿರಲಿ ಎಂದು ಸೇರಿಸುವ ಮೇಣದಂಥ ವಸ್ತು ಗೋದಾಮಿನಲ್ಲಿ ಕೂತಷ್ಟು ಕಾಲ ಮೇಲ್ಮೈಗೆ ಬರುತ್ತಿರುತ್ತದೆ. ಅಚ್ಚಿಗೆ ಅಂಟದಿರಲು ಬಳಸಿದ ಪದಾರ್ಥದ ಅಂಶವೂ ಉಳಿದಿರಬಹುದು. ಇವೆಲ್ಲ ಹೋಗುವುದು ರಸ್ತೆಗೆ ಉಜ್ಜಿ, ಬಿಸಿಯಾಗಿ ತಣಿದು ಮಾತ್ರ. ಚಳಿ ಇದಕ್ಕೆ ಅಡ್ಡ ಬರುತ್ತದೆ. ಮಂಗಳೂರಿನ ಮಧ್ಯಾಹ್ನದ 32 ಡಿಗ್ರಿಗೂ ಘಟ್ಟದ ಮೇಲಿನ ಆಗುಂಬೆ, ಕೊಟ್ಟಿಗೆಹಾರದ ಡಿಸೆಂಬರ್ ಬೆಳಗಿಗೂ 15 ಡಿಗ್ರಿಯಷ್ಟು ಅಂತರ ಬರುವುದುಂಟು. ತಣ್ಣಗಿನ ರಬ್ಬರ್ ಗಟ್ಟಿ. ಅದರ ಮೇಲೆ ಘಟ್ಟದಲ್ಲಿ ವೇಗ 25–30 ಇರುವುದರಿಂದ ಟಯರ್ ಬೇಗ ಬಿಸಿಯಾಗುವುದೂ ಇಲ್ಲ.

ಆ ಬೈಕಿನಲ್ಲಿ ಇದಲ್ಲದೆ ಇನ್ನೂ ಎರಡು ತಪ್ಪು ಇದ್ದವು, ಎರಡೂ ಆದದ್ದು ಟಯರ್ ಅಂಗಡಿಯಲ್ಲಿ. ಒಂದು, ಹೊಸ ಟಯರ್ ಚೆಂದ ಕಾಣಲಿ ಎಂದು ಪಾಲಿಶ್ ಹಚ್ಚಿದ್ದರು, ಬ್ರಷ್ ಪಕ್ಕದ ಗೋಡೆಯಿಂದ ರಸ್ತೆ ಮುಟ್ಟುವ ಭಾಗಕ್ಕೂ ಬಂದಿತ್ತು. ಟಯರ್ ಪಾಲಿಶ್‌ನಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತದೆ, ಬೈಕಿನ ಟಯರಿಗೆ ಅದು ವಿಷ. ಕಾರಿನ ಟಯರಿನ ಪಕ್ಕ ರಸ್ತೆ ಮುಟ್ಟುವುದಿಲ್ಲ, ಬೈಕಿನದು ವಾಲಿದಾಗ ಅಂಚಿನವರೆಗೂ ಮುಟ್ಟುತ್ತದೆ. 'ಪಾಲಿಶ್ ಬೇಡ' ಎಂದು ಮೊದಲೇ ಗಟ್ಟಿಯಾಗಿ ಹೇಳಿ. ಸರ್ವಿಸ್ ಸ್ಟೇಷನ್‌ನಲ್ಲಿ ತೊಳೆದಾದ ಮೇಲೆ ತುಕ್ಕು ಹಿಡಿಯದಿರಲೆಂದು ಡೀಸೆಲ್ ಹೊಡೆಯುವ ಅಭ್ಯಾಸ ನಮ್ಮ ಕಡೆ ಇದೆ, ಅದೂ ಬೇಡ. ಚೈನಿಗೆ ಸ್ಪ್ರೇ ಹೊಡೆಯುವಾಗ ಟಯರ್ ಬದಿಗೆ ಒಂದು ರಟ್ಟಿನ ತುಂಡು ಅಡ್ಡ ಹಿಡಿಯಿರಿ. ಸ್ಪ್ರೇ ಒಣಗಲು ಅರ್ಧ ಗಂಟೆಯಾದರೂ ಬಿಟ್ಟು ಹೊರಡಿ.

ಎರಡನೆಯದು ಗಾಳಿ. ಟ್ಯೂಬ್‌ಲೆಸ್ ಟಯರಿನ ಅಂಚು ರಿಮ್ಮಿಗೆ ಕೂರಬೇಕಾದರೆ ಗಾಳಿ ಜಾಸ್ತಿ ಹೊಡೆಯಬೇಕಾಗುತ್ತದೆ. 'ಟಪ್' ಎಂದು ಶಬ್ದ ಬಂದು ಕೂತ ಮೇಲೆ ಅದನ್ನು ಇಳಿಸಿ, ಬೈಕಿಗೆ ಹೇಳಿದ ಪ್ರಮಾಣಕ್ಕೆ ತರಬೇಕು. ಅವಸರದಲ್ಲಿ ಇಳಿಸುವುದು ಮರೆತುಹೋಗುತ್ತದೆ. ಬಿದ್ದ ಬೈಕಿನ ಹಿಂದಿನ ಚಕ್ರದಲ್ಲಿ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹತ್ತಿರ ಇತ್ತು. ಅಷ್ಟು ಗಾಳಿಯಿದ್ದರೆ ಟಯರ್ ಉಬ್ಬಿ ನಿಂತು ರಸ್ತೆ ಮುಟ್ಟುವ ಜಾಗ ಕಿರಿದಾಗುತ್ತದೆ, ಹೊಳಪು ಹೋಗುವುದೂ ನಡುವಿನಲ್ಲಿ ಮಾತ್ರ. ಸರಿಯಾದ ಅಂಕಿ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಅಥವಾ ಚೈನ್ ಕವರಿನ ಸ್ಟಿಕ್ಕರಿನಲ್ಲಿದೆ, ಒಬ್ಬರಿಗೆ ಒಂದು, ಇಬ್ಬರಿಗೆ ಒಂದು. ಟಯರಿನ ಪಕ್ಕದಲ್ಲಿ ಬರೆದಿರುವುದು ಅದು ತಡೆಯುವ ಗರಿಷ್ಠ ಮಿತಿ, ನಿತ್ಯ ತುಂಬಿಸಬೇಕಾದದ್ದಲ್ಲ. ಬೆಳಿಗ್ಗೆ ಓಡಿಸುವ ಮೊದಲು, ಟಯರ್ ತಣ್ಣಗಿರುವಾಗ ಅಳೆಯಿರಿ. ಜೇಬಿನಲ್ಲಿ ಹಿಡಿಯುವ ಸಣ್ಣ ಗೇಜ್ ಒಂದು ಸ್ವಂತಕ್ಕೆ ಇಟ್ಟುಕೊಳ್ಳಿ.

ಚಳಿಗೆ ಗಾಳಿ ಕಡಿಮೆಯಾಗುತ್ತದೆಂದು ಘಟ್ಟದ ಮೇಲೆ ಮತ್ತೆ ತುಂಬಿಸುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿ: 32 ಡಿಗ್ರಿಯಲ್ಲಿ 29 ಪಿಎಸ್‌ಐ ಇದ್ದ ಟಯರ್ 17 ಡಿಗ್ರಿಗೆ ತಣಿದರೆ ಸುಮಾರು 2 ಪಿಎಸ್‌ಐ ಇಳಿಯುತ್ತದೆ. ಆದರೆ ಸಾವಿರ ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೂ ಒಂದೂವರೆ ಪಿಎಸ್‌ಐಗಿಂತ ತುಸು ಹೆಚ್ಚೇ ಕಡಿಮೆ ಇರುತ್ತದೆ. ಗೇಜ್ ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನದಕ್ಕೂ ಇರುವ ವ್ಯತ್ಯಾಸ. ಹಾಗಾಗಿ ಒಂದು ಇನ್ನೊಂದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಕೆಳಗೆ ಸರಿಯಾಗಿ ತುಂಬಿಸಿದ್ದರೆ ಮೇಲೆ ಮುಟ್ಟುವ ಅಗತ್ಯ ಇಲ್ಲ. ಅಲ್ಲಿ 3–4 ಪಿಎಸ್‌ಐ ಕಡಿಮೆ ತೋರಿಸಿದರೆ ಚಳಿಯ ಮೇಲೆ ಹಾಕಬೇಡಿ, ಎಲ್ಲೋ ಸೋರುತ್ತಿದೆ. ಸಾಬೂನು ನೀರು ಹಾಕಿ ವಾಲ್ವ್ ಮತ್ತು ರಿಮ್ಮಿನ ಅಂಚಿನಲ್ಲಿ ಗುಳ್ಳೆ ಬರುತ್ತದೋ ನೋಡಿ.

ಅಂಗಡಿಯಿಂದ ಹೊರಡುವ ಮೊದಲು ಹತ್ತು ನಿಮಿಷ ಅಲ್ಲೇ ಕೊಡಿ. ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ, 3525 ಎಂದರೆ 2025ರ 35ನೇ ವಾರ ತಯಾರಾದದ್ದು. ತೀರಾ ಹಳೆಯ ದಾಸ್ತಾನು ಗಟ್ಟಿಯಾಗಿರುತ್ತದೆ, ಎಷ್ಟು ಓಡಿಸಿದರೂ ಹಿಡಿತ ಬರುವುದಿಲ್ಲ, ಬೇರೆ ಕೇಳಿ. ತಿರುಗುವ ದಿಕ್ಕಿನ ಬಾಣ ಮುಂದಕ್ಕಿದೆಯೇ ನೋಡಿ. ರಿಮ್ಮಿನ ಸುತ್ತ ಟಯರಿನಲ್ಲಿ ಒಂದು ತೆಳು ಗೆರೆ ಓಡುತ್ತದೆ, ಅದು ಎಲ್ಲ ಕಡೆ ರಿಮ್ಮಿನಿಂದ ಒಂದೇ ಅಂತರದಲ್ಲಿರಬೇಕು. ಒಂದು ಕಡೆ ಒಳಗೆ ಹೋಗಿದ್ದರೆ ಟಯರ್ ಸರಿಯಾಗಿ ಕೂತಿಲ್ಲ, ಗಾಳಿ ತೆಗೆದು ಸಾಬೂನು ನೀರು ಹಚ್ಚಿ ಮತ್ತೆ ಕೂರಿಸಬೇಕು. ಟ್ಯೂಬ್ ಇರುವ ಚಕ್ರವಾದರೆ ಹೊಸ ಟಯರಿಗೆ ಹೊಸ ಟ್ಯೂಬ್, ಟ್ಯೂಬ್‌ಲೆಸ್ ಆದರೆ ಹೊಸ ವಾಲ್ವ್. ಹಿಂದಿನ ಚಕ್ರ ತೆಗೆದು ಹಾಕಿದ ಮೇಲೆ ಚೈನ್ ಎರಡೂ ಬದಿಯ ಗುರುತಿನಲ್ಲಿ ಸಮ ಇದೆಯೇ, ಆಕ್ಸಲ್ ನಟ್ ಬಿಗಿಯಾಗಿದೆಯೇ ನೋಡಿ. ಡಿಸ್ಕ್ ಬ್ರೇಕಿದ್ದರೆ ಬೈಕ್ ಹೊರಡಿಸುವ ಮೊದಲು ಲಿವರ್ ಮತ್ತು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಚಕ್ರ ತೆಗೆದಾಗ ಪ್ಯಾಡ್‌ಗಳು ಹಿಂದಕ್ಕೆ ಸರಿದಿರುತ್ತವೆ, ಮೊದಲ ಸಲ ಒತ್ತಿದಾಗ ಬ್ರೇಕ್ ಹಿಡಿಯದೇ ಹೋಗಬಹುದು. ಅಂಗಡಿಯ ಎದುರೇ ಈ ಕಾರಣಕ್ಕೆ ಗುದ್ದುವವರಿದ್ದಾರೆ.

ಮೊದಲ ಒಂದು ದಿನ ಜೋರಾಗಿ ಆಕ್ಸಿಲರೇಟರ್ ಕೊಡುವುದು, ಜೋರಾಗಿ ಬ್ರೇಕ್ ಹಿಡಿಯುವುದು ಎರಡೂ ಬೇಡ. ಟಯರ್ ಕೂರಿಸಲು ಹಚ್ಚಿದ ಸಾಬೂನು ನೀರು ರಿಮ್ಮಿನೊಳಗೆ ಒಣಗುವ ತನಕ ಟಯರ್ ರಿಮ್ಮಿನ ಮೇಲೆಯೇ ಸ್ವಲ್ಪ ತಿರುಗಬಹುದು. ಟ್ಯೂಬ್ ಇದ್ದರೆ ವಾಲ್ವ್ ಓರೆಯಾಗಿ ಬುಡದಲ್ಲಿ ಹರಿಯುತ್ತದೆ. ಸೀಮೆಸುಣ್ಣದಲ್ಲಿ ಟಯರಿಗೂ ರಿಮ್ಮಿಗೂ ಸೇರಿಸಿ ಒಂದು ಗೆರೆ ಎಳೆದಿಡಿ, ಮರುದಿನ ಗೆರೆ ತಪ್ಪಿದ್ದರೆ ಟಯರ್ ತಿರುಗಿದೆ ಎಂದು ಗೊತ್ತಾಗುತ್ತದೆ.

ಇನ್ನು ಹದ ಮಾಡುವುದು. ಬಿಸಿಲಿರುವಾಗ, ಬೆಳಿಗ್ಗೆ 11ರಿಂದ ಸಂಜೆ 4ರ ಒಳಗೆ, ಒಣ ರಸ್ತೆಯಲ್ಲಿ, ಒಬ್ಬರೇ. ಮೊದಲ 30 ಕಿ.ಮೀ. ನೆಟ್ಟಗೆ, 40–50ರ ವೇಗದಲ್ಲಿ, ನಡುನಡುವೆ ಮೆತ್ತಗೆ ಬ್ರೇಕ್ ಹಿಡಿದು ಬಿಡುತ್ತ. ಇದರಿಂದ ಟಯರ್ ಬಿಸಿಯಾಗುತ್ತದೆ. ರಸ್ತೆಯಲ್ಲಿ ಹಾವಿನಂತೆ ಆಚೀಚೆ ಹೊರಳಿಸಿದರೆ ಬಿಸಿಯಾಗುವುದಿಲ್ಲ, ಹಿಂದಿನ ವಾಹನದವರಿಗೆ ಗಾಬರಿ, ಟಯರ್ ಜಾರಲು ಅವಕಾಶ, ಅಷ್ಟೆ. ಆಮೇಲೆ ತಿರುವುಗಳಿರುವ ರಸ್ತೆಗೆ ಹೋಗಿ. ಮಂಗಳೂರಿನವರಿಗೆ ಮರವೂರು, ಬಜ್ಪೆ ದಾಟಿ ಕಟೀಲಿಗೆ ಹೋಗುವ ದಾರಿ, ಉಡುಪಿಯವರಿಗೆ ಪರ್ಕಳದಿಂದ ಹಿರಿಯಡ್ಕ, ಪೆರ್ಡೂರು ಕಡೆಯ ದಾರಿ ಆಗಬಹುದು. ಕಾಮಗಾರಿಯ ಜಲ್ಲಿ, ಮಣ್ಣು ಬಿದ್ದ ಕಡೆ ಬೇಡ. ಒಂದು ಸಲಕ್ಕಿಂತ ಮುಂದಿನ ಸಲ ಸ್ವಲ್ಪ ಹೆಚ್ಚು ವಾಲಿಸಿ, ವೇಗ ಏರಿಸದೆ. ಖಾಲಿ ಸರ್ಕಲ್ ಸುತ್ತಿ ಹದ ಮಾಡುವವರು ಒಂದು ಮಾತು ನೆನಪಿಡಬೇಕು: ನಮ್ಮಲ್ಲಿ ಸರ್ಕಲ್ ಸುತ್ತುವುದು ಬಲಕ್ಕೆ, ಉಜ್ಜುವುದೂ ಬಲ ಅಂಚು ಮಾತ್ರ. ಘಟ್ಟದಲ್ಲಿ ನಮಗೆ ಒಳಸುತ್ತಾಗಿ ಕಡಿದಾಗಿ ಬರುವುದು ಎಡ ತಿರುವು. ಎಡಕ್ಕೆ ತಿರುಗುತ್ತ ಬಡಾವಣೆಯ ರಸ್ತೆಗಳಲ್ಲಿ ನಾಲ್ಕೈದು ಸುತ್ತು ಬನ್ನಿ.

ಎಲ್ಲಿಯವರೆಗೆ ಹದವಾಗಿದೆ ಎಂದು ತಿಳಿಯಲು ಸೀಮೆಸುಣ್ಣವೇ ಸಾಕು. ಟಯರಿನ ಈ ಅಂಚಿನಿಂದ ಆ ಅಂಚಿಗೆ ಅಡ್ಡ ಗೆರೆ ಎಳೆದು ಆ ತಿರುವುಗಳ ರಸ್ತೆಯಲ್ಲಿ ಹೋಗಿ ಬನ್ನಿ. ಗೆರೆ ಅಳಿಸಿದಷ್ಟೇ ಜಾಗ ರಸ್ತೆ ಮುಟ್ಟಿದೆ. ನಡುವಿನ ಬೂದು ಬಣ್ಣ ಎರಡೂ ಕಡೆ ಅಂಚಿನಿಂದ ಒಂದೂವರೆ, ಎರಡು ಸೆಂಟಿಮೀಟರ್ ಒಳಗಿನವರೆಗೆ ಬಂದ ಮೇಲೆ ಘಟ್ಟದ ಮಾತು. ಪೂರ್ತಿ ಅಂಚಿನವರೆಗೆ ಉಜ್ಜಬೇಕೆಂಬ ಹಟ ಬೇಡ, ರಸ್ತೆಯಲ್ಲಿ ಅಷ್ಟು ವಾಲಿಸುವುದೇ ಅಪಾಯ. ಮರಳು ಕಾಗದದಿಂದ ಉಜ್ಜುವುದು, ಪೆಟ್ರೋಲ್ ಅಥವಾ ತಿನ್ನರ್‌ನಿಂದ ಒರೆಸುವುದು ಬೇಡವೇ ಬೇಡ. ಪೆಟ್ರೋಲ್ ರಬ್ಬರನ್ನೇ ಹಾಳುಮಾಡುತ್ತದೆ, ಮರಳು ಕಾಗದ ಒಂದೇ ಸಮನಾಗಿ ಉಜ್ಜುವುದಿಲ್ಲ. ಪಾಲಿಶ್ ತಾಗಿದ್ದರೆ ಪಾತ್ರೆ ತೊಳೆಯುವ ಸಾಬೂನು ಮತ್ತು ಗಟ್ಟಿ ಬ್ರಷ್‌ನಲ್ಲಿ ಎರಡು ಮೂರು ಸಲ ತೊಳೆದು, ಒಣಗಿಸಿ, ಮತ್ತೆ ಮೊದಲಿನಿಂದ ಹದ ಮಾಡಿ.

ಹಳೆಯ ಟಯರ್ ನಡುವೆ ಚಪ್ಪಟೆಯಾಗುವಷ್ಟು ಸವೆದಿದ್ದವರಿಗೆ ಇನ್ನೊಂದು ಅಪಾಯವಿದೆ. ಅದನ್ನು ವಾಲಿಸಲು ಕೈ ಬಲ ಹಾಕಿ ಅಭ್ಯಾಸವಾಗಿರುತ್ತದೆ. ಹೊಸ ಟಯರ್ ಉರುಟು, ಅದೇ ಬಲ ಹಾಕಿದರೆ ಎಣಿಸಿದ್ದಕ್ಕಿಂತ ಬೇಗ ಒಳಗೆ ವಾಲುತ್ತದೆ. ಒಂದೇ ಟಯರ್ ಬದಲಿಸಿದ್ದರೆ ಮುಂದೆ ಹಿಂದೆ ಬೇರೆ ಬೇರೆ ನಡೆ ಇರುವುದರಿಂದ ಇನ್ನೂ ಗೊಂದಲ.

ಹದವಾದ ಟಯರಿನಲ್ಲಿ ಹೊರಟರೂ ಚಳಿಗಾಲದಲ್ಲಿ ಚಾರ್ಮಾಡಿ, ಆಗುಂಬೆಯ ತಿರುವುಗಳಿಗೆ ಬೆಳಿಗ್ಗೆ 9ರ ನಂತರ ತಲುಪುವಂತೆ ಹೊರಡಿ. ಅಷ್ಟರವರೆಗೆ ಮರಗಳಿಂದ ಇಬ್ಬನಿ ತೊಟ್ಟಿಕ್ಕಿ ರಸ್ತೆ ಒದ್ದೆಯಾಗಿರುತ್ತದೆ, ಮರದ ನೆರಳಿನ ತಿರುವುಗಳಲ್ಲಿ ಇನ್ನೂ ಹೊತ್ತು ಒಣಗುವುದಿಲ್ಲ. ರಾತ್ರಿ ಕರಾವಳಿಯಿಂದ ಮೇಲೆ ಹೋದ ಮೀನಿನ ಲಾರಿಗಳು ಚೆಲ್ಲಿದ ನೀರು, ಟ್ಯಾಂಕ್ ತುಂಬಿದ ಲಾರಿಗಳು ತಿರುವಿನಲ್ಲಿ ಚೆಲ್ಲಿದ ಡೀಸೆಲ್ ಇಬ್ಬನಿಗೆ ಬೆರೆತರೆ ಯಾವ ಟಯರಿಗೂ ಹಿಡಿತ ಸಿಗದು. ತಿರುವಿಗೆ ಮೊದಲೇ ಗೇರ್ ಇಳಿಸಿ, ಬೈಕ್ ನೆಟ್ಟಗಾದ ಮೇಲೆ ಆಕ್ಸಿಲರೇಟರ್ ಕೊಡಿ. ಎಬಿಎಸ್ ಇದೆ ಎಂಬ ಧೈರ್ಯ ಬೇಡ, ಅದು ಚಕ್ರ ಕಟ್ಟಿಕೊಳ್ಳದಂತೆ ನೋಡುತ್ತದೆ ಹೊರತು ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಸಿಂಗಲ್ ಚಾನೆಲ್ ಎಬಿಎಸ್ ಇದ್ದರೆ ಅದು ಮುಂದಿನ ಚಕ್ರಕ್ಕೆ ಮಾತ್ರ, ಇಳಿಜಾರಿನಲ್ಲಿ ಹಿಂದಿನ ಪೆಡಲ್ ಜೋರಾಗಿ ತುಳಿದರೆ ಹಿಂದಿನ ಚಕ್ರ ಕಟ್ಟಿಕೊಂಡು ಜಾರುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಅರ್ಧ ಗಂಟೆ ನಿಂತಿರೆಂದರೆ ಟಯರ್ ಪೂರ್ತಿ ತಣ್ಣಗಾಗಿರುತ್ತದೆ, ಹೊರಟ ಮೇಲೆ ಮೊದಲ ಐದಾರು ಕಿ.ಮೀ. ಮತ್ತೆ ಮೆತ್ತಗೆ. ಇಳಿಯುವಾಗ ಎರಡನೇ ಗೇರ್, ಎರಡೂ ಬ್ರೇಕ್ ಸಮವಾಗಿ. ತಿರುವಿನ ನಡುವೆ ಒಂದನೇ ಗೇರಿಗೆ ಹಾಕಿ ಕ್ಲಚ್ ಒಮ್ಮೆಲೆ ಬಿಡಬೇಡಿ, ಬ್ರೇಕ್ ಮುಟ್ಟದಿದ್ದರೂ ಎಂಜಿನ್ ಎಳೆತಕ್ಕೇ ಹಿಂದಿನ ಚಕ್ರ ಜಾರುತ್ತದೆ.